ಬೆಳಗಿನ ತಂಡ ಕೇಳದ ಕಥೆ

ಟೀಚರ್ ಮೂರು ಸಲ ಎಣಿಸಿದಳು. ಮೂರು ಸಲವೂ ಹನ್ನೊಂದೇ ಬಂತು.

ಇರಬೇಕಾದದ್ದು ಹನ್ನೆರಡು. ಬೆಳಗಿನ ತಂಡದ ಮಕ್ಕಳು ಕೊರಳಿಗೆ ನೀರಿನ ಬಾಟಲಿ ಹಾಕಿಕೊಂಡು ಬಾಗಿಲಲ್ಲಿ ಸಾಲಾಗಿ ನಿಂತಿದ್ದವು. ಎಲ್ಲಕ್ಕೂ ನಾಲ್ಕು ವರ್ಷ, ಒಂದೆರಡು ತಿಂಗಳು ಆಚೀಚೆ. ಗಂಟೆ ಹನ್ನೊಂದು ಹತ್ತು. ಗೇಟಿನ ಹೊರಗೆ ತಾಯಂದಿರು ಬಂದು ನಿಂತಾಗಿತ್ತು.

"ಚಿಟ್ಟಿ ಎಲ್ಲಿ?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಚಿಟ್ಟಿ ಇದ್ದಾಗಲೂ ಇದ್ದಾಳೆಂದು ಗೊತ್ತಾಗುತ್ತಿರಲಿಲ್ಲ. ಮಾತು ತಡವಾಗಿ ಬಂದ ಮಗು. ದಿನಕ್ಕೆ ನಾಲ್ಕೈದು ಪದ ಆಡಿದರೆ ಹೆಚ್ಚು.

ಆಟಿಕೆ ಕೋಣೆಯ ಮೂಲೆಯಲ್ಲಿ, ಪೇರಿಸಿಟ್ಟ ದಿಂಬುಗಳ ಹಿಂದೆ ಸಿಕ್ಕಳು. ಗೋಡೆಗೆ ಒರಗಿ ಕೂತಿದ್ದಳು. ಮುಖ ಸುಣ್ಣದ ಹಾಗೆ ಬಿಳಿ. ಎಡಗೈ ಮೊಣಕೈಗಿಂತ ಮೇಲೆ, ತಿರುಗಬಾರದ ಕಡೆಗೆ ತಿರುಗಿತ್ತು. ಮಗು ಅಳುತ್ತಿರಲಿಲ್ಲ. ಅದನ್ನು ಕಂಡೇ ಟೀಚರ್ ಕಿರುಚಿದ್ದು.

*

ಇನ್‌ಸ್ಪೆಕ್ಟರ್ ಬರುವ ಹೊತ್ತಿಗೆ ಕೇಸು ಮುಗಿದೇ ಹೋಗಿತ್ತು. ಹಾಗಂತ ಅವಳ ಹೆಡ್ ಕಾನ್‌ಸ್ಟೇಬಲ್ ಹೇಳಿದ. ಠಾಣೆಯಲ್ಲಿ ಅವನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು.

"ಆಸಾಮಿ ಸಿಕ್ಕಿದಾನೆ ಮೇಡಂ. ಜೀಪಲ್ಲಿ ಕೂರಿಸಿದೀನಿ."

"ಯಾರು?"

"ಇಲ್ಲಿನ ರಿಪೇರಿಯವನು. ನಲ್ಲಿ, ಬಲ್ಬು, ಚಿಲಕ, ಎಲ್ಲ ಅವನದೇ. ಇವತ್ತು ಆಟಿಕೆ ಕೋಣೆ ಪಕ್ಕದ ನಲ್ಲಿ ಬಿಚ್ಚಿ ಹಾಕಿದ್ದ. ಹತ್ತೂವರೆಯಿಂದ ಹನ್ನೊಂದರ ತನಕ ಎಲ್ಲಿದ್ದೆಯಪ್ಪಾ ಅಂದ್ರೆ ಬಾಯಿಗೆ ಬೀಗ. ಜೊತೆಗೆ ಸಾಕ್ಷಿ ಇದೆ. ಒಂದಲ್ಲ, ನಾಲ್ಕು."

ನಾಲ್ಕು ಸಾಕ್ಷಿಗಳು ಚಾಪೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದವು. ಇನ್‌ಸ್ಪೆಕ್ಟರ್ ಅವುಗಳ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತಳು.

"ಏನಾಯ್ತು ಹೇಳ್ತೀರಾ?"

"ಗಡಿಬಿಡಿ ಮಾಮ ಚಿಟ್ಟಿ ಕೈ ಹಿಡಿದು ಎಳೆದ," ಎಂದಿತು ಒಂದು.

"ಗಡಿಬಿಡಿ ಮಾಮ ಚಿಟ್ಟಿ ಕೈ ಹಿಡಿದು ಎಳೆದ," ಎಂದಿತು ಇನ್ನೊಂದು. ಮೂರನೆಯದೂ ಅದನ್ನೇ ಹೇಳಿತು. ನಾಲ್ಕನೆಯದರ ಬಾಯಿ ತುಂಬ ಬಿಸ್ಕತ್ತಿತ್ತು. ಕೊನೆಯ "ಎಳೆದ" ಮಾತ್ರ ಕೇಳಿಸಿತು, ಪುಡಿಯ ಸಮೇತ.

ಇನ್‌ಸ್ಪೆಕ್ಟರ್ ಅಂಗಿ ಕೊಡವಿಕೊಂಡು ಎದ್ದಳು. ಹನ್ನೊಂದು ವರ್ಷದ ನೌಕರಿಯಲ್ಲಿ ಅವಳು ಸಾವಿರಾರು ಸಾಕ್ಷಿಗಳನ್ನು ಕೇಳಿದ್ದಳು. ಒಂದು ಸೈಕಲ್ ಅಪಘಾತವನ್ನು ನಾಲ್ವರು ನೋಡಿದ್ದರೆ ಸೈಕಲ್ಲಿಗೆ ನಾಲ್ಕು ಬಣ್ಣ ಬರುತ್ತಿತ್ತು. ಇಲ್ಲಿ ನಾಲ್ಕು ಬಾಯಿ, ಒಂದೇ ವಾಕ್ಯ. ಒಂದು ಪದ ಹಿಂದೆಮುಂದೆ ಇಲ್ಲ.

"ನೀವು ಏನಂತ ಕೇಳಿದ್ರಿ ಮೀಸೆ?"

"ಯಾರು ಮಾಡಿದ್ದು ಅಂತ. ಅಷ್ಟೇ."

"ಹೆಸರು ನೀವು ಎತ್ತಲಿಲ್ವಾ?"

"ನಿಮ್ಮಾಣೆಗೂ ಇಲ್ಲ. ಗಡಿಬಿಡಿ ಮಾಮ ಅಂತ ಅವೇ ಅಂದ್ವು. ಅದ್ಯಾರಪ್ಪಾ ಅಂದೆ. ಇಲ್ಲಿನವರು ರಿಪೇರಿಯವನನ್ನ ತೋರಿಸಿದ್ರು."

ಕಟ್ಟಡ ಎರಡು ಅಂತಸ್ತಿನದು. ಕೆಳಗೆ ಶಿಶುವಿಹಾರ. ಬೆಳಿಗ್ಗೆ ಹನ್ನೆರಡು ಮಕ್ಕಳ ಒಂದು ತಂಡ, ಮಧ್ಯಾಹ್ನ ಹನ್ನೆರಡರ ಇನ್ನೊಂದು. ಮೇಲೆ ಮಕ್ಕಳ ಬೆಳವಣಿಗೆಯ ಅಧ್ಯಯನ ಕೇಂದ್ರ. ಮೇಲಿನವರು ಕೆಳಗಿನ ಮಕ್ಕಳನ್ನು ಅಧ್ಯಯನ ಮಾಡುತ್ತಿದ್ದರು. ಟೀಚರ್ ಆಂಬ್ಯುಲೆನ್ಸಿನಲ್ಲಿ ಹೋದ ಮೇಲೆ ಪೊಲೀಸರು ಬರುವ ತನಕ ಮಕ್ಕಳ ಜೊತೆ ಮೇಲಿನ ಮೂವರು ಸರದಿಯಲ್ಲಿ ಕೂತಿದ್ದರು. ಕೇಂದ್ರದ ನಿರ್ದೇಶಕಿ, ಐವತ್ತು ದಾಟಿದವಳು. ಮಕ್ಕಳಿಗೆ ಕಥೆ ಹೇಳುವ ಸಂಶೋಧಕಿ, ಮಕ್ಕಳ ಬಾಯಲ್ಲಿ ಕಥೆ ಅಕ್ಕ. ಮಕ್ಕಳಿಗೆ ಚಿತ್ರ ತೋರಿಸಿ ಪ್ರಶ್ನೆ ಕೇಳುವ ಸಂಶೋಧಕ, ಕನ್ನಡಕದ ತೆಳ್ಳನೆಯ ಯುವಕ, ಚಿತ್ರದಣ್ಣ.

ಮೂವರೂ ಒಳ್ಳೆಯವರ ಹಾಗೆಯೇ ಕಂಡರು. ಅದೂ ಇನ್‌ಸ್ಪೆಕ್ಟರಿಗೆ ಹಿಡಿಸಲಿಲ್ಲ.

*

ಸಂಜೆ ಠಾಣೆಯ ಮುಂದೆ ನಲವತ್ತು ಜನ ಸೇರಿದ್ದರು. ಎಲ್ಲರೂ ಅಪ್ಪ ಅಮ್ಮಂದಿರು. "ಐದು ನಿಮಿಷ ನಮ್ಮ ಕೈಗೆ ಕೊಡಿ ಸಾಕು" ಎಂದು ಒಬ್ಬ ತಂದೆ ಮೀಸೆಯನ್ನು ಬಹಳ ಮರ್ಯಾದೆಯಿಂದ ಕೇಳುತ್ತಿದ್ದ.

ಸಾಕ್ಷಿಗಳಲ್ಲಿ ಒಂದು ತನ್ನ ತಾಯಿಯ ಸೊಂಟದ ಮೇಲಿತ್ತು. ಇನ್‌ಸ್ಪೆಕ್ಟರ್ ಅದರ ಹತ್ತಿರ ಹೋದಳು.

"ಗಡಿಬಿಡಿ ಮಾಮ ಅಂದ್ರೆ ಯಾರು ಪುಟ್ಟಾ?"

ಮಗು ಯೋಚಿಸಿತು. "ಗೊತ್ತಿಲ್ಲ."

"ಅಯ್ಯೋ, ಗೊತ್ತಲ್ವಾ ಚಿನ್ನಾ?" ತಾಯಿ ಮಗುವಿನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಆ ನಲ್ಲಿ ರಿಪೇರಿಯವನು. ಅವನೇ ತಾನೇ? ಅವನೇ ಅಲ್ವಾ ಎಳೆದಿದ್ದು?"

ಮಗು ತಾಯಿಯ ಮುಖ ನೋಡಿತು. "ಹೂಂ," ಎಂದಿತು.

"ನೋಡಿದ್ರಾ ಮೇಡಂ?"

ಇನ್‌ಸ್ಪೆಕ್ಟರ್ ನೋಡಿದ್ದಳು. ತಾಯಿ ನೋಡಿದ್ದು ಬೇರೆ, ಅವಳು ನೋಡಿದ್ದು ಬೇರೆ.

ಒಳಗೆ ರಿಪೇರಿಯವನು ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದ. ನಲವತ್ತರ ಆಸುಪಾಸು. ಉಗುರಿನ ಸಂದಿಯಲ್ಲಿ ಗ್ರೀಸು.

"ಹತ್ತೂವರೆಗೆ ಎಲ್ಲಿದ್ದೆ? ಇನ್ನೊಂದು ಸಲ ಕೇಳ್ತೀನಿ. ಮೂರನೇ ಸಲ ಕೇಳೋಕೆ ನಾನಿರಲ್ಲ, ಮ್ಯಾಜಿಸ್ಟ್ರೇಟ್ ಇರ್ತಾರೆ. ನಾಳೆ ಎರಡು ಗಂಟೆಗೆ."

ಅವನು ತಲೆ ತಗ್ಗಿಸಿದ. "ಜನರೇಟರ್ ಶೆಡ್ಡಲ್ಲಿ ಮಲಗಿದ್ದೆ ಮೇಡಂ."

"ಮಲಗಿದ್ದೆಯಾ?"

"ಮನೇಲಿ ಕೈಗೂಸು ಇದೆ. ವಾರದಿಂದ ಕಣ್ಣು ಮುಚ್ಚಿಲ್ಲ. ಡ್ಯೂಟಿ ಟೈಮಲ್ಲಿ ನಿದ್ದೆ ಅಂದ್ರೆ ಕೆಲಸ ಹೋಗುತ್ತೆ. ಅದಕ್ಕೇ ಹೇಳಲಿಲ್ಲ."

"ಮಗು ಕೈ ಮುರಿದ ಅಂದ್ರೆ ಕೆಲಸ ಉಳಿಯುತ್ತಾ?"

ಹೊರಗಿನ ಗಲಾಟೆ ಒಳಗೆ ಕೇಳುತ್ತಿತ್ತು. ಯಾರೋ ಅವನ ಹೆಂಡತಿಯನ್ನೂ ಬಯ್ಯುತ್ತಿದ್ದರು, ಕೈಗೂಸನ್ನೂ ಬಿಡದೆ.

*

ಶುಕ್ರವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಮನೆಯ ಅಡುಗೆಕಟ್ಟೆಯ ಮೇಲೆ ಹಾಲು ಚೆಲ್ಲಿತ್ತು. ಚೆಲ್ಲಿದ್ದು ಅವಳೇ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪಾತ್ರೆ. ಒರೆಸುವ ಬಟ್ಟೆ ತರಲು ಹಿತ್ತಿಲಿಗೆ ಹೋಗಿ ಬರುವಷ್ಟರಲ್ಲಿ ಅವಳ ತಾಯಿ ಮೊಮ್ಮಗಳನ್ನು ಕಟ್ಟೆಯ ಮುಂದೆ ನಿಲ್ಲಿಸಿಕೊಂಡಿದ್ದಳು.

"ನೀನೇ ತಾನೇ ಚೆಲ್ಲಿದ್ದು?"

"ಇಲ್ಲ ಅಜ್ಜಿ."

"ಸುಳ್ಳು ಹೇಳಬಾರದು. ನೀನೇ ಅಲ್ವಾ?"

"..."

"ಹೇಳು, ಅಜ್ಜಿ ಬಯ್ಯಲ್ಲ. ಕೈ ತಗುಲಿ ಬಿತ್ತು, ಅಲ್ವಾ?"

"ಹೂಂ. ಕೈ ತಗುಲಿ ಬಿತ್ತು," ಎಂದಳು ನಾಲ್ಕು ವರ್ಷದ ಹುಡುಗಿ. ಆಮೇಲೆ ತನ್ನ ಕೈಯನ್ನೇ ಅನುಮಾನದಿಂದ ನೋಡಿಕೊಂಡಳು.

"ಅಮ್ಮಾ, ಅದು ನಾನು ಚೆಲ್ಲಿದ್ದು," ಎಂದಳು ಇನ್‌ಸ್ಪೆಕ್ಟರ್.

"ಮತ್ತೆ ಇವಳು ಹೂಂ ಅಂದಳಲ್ಲೇ?"

"ಮೂರು ಸಲ ಕೇಳಿದ್ರೆ ನಾನೂ ಹೂಂ ಅಂತೀನಿ. ಕೈ ತಗುಲಿ ಬಿತ್ತು ಅನ್ನೋದು ಇವಳ ಮಾತಲ್ಲ. ನಿನ್ನ ಮಾತು."

ಹೇಳಿದ ಮೇಲೆ ಅವಳೇ ಬಟ್ಟೆ ಹಿಡಿದು ನಿಂತುಬಿಟ್ಟಳು. ಗಡಿಬಿಡಿ ಮಾಮ. ಅದು ಯಾರ ಮಾತು?

*

"ಏನಪ್ಪಾ, ನಿನ್ನನ್ನ ಗಡಿಬಿಡಿ ಮಾಮ ಅಂತ ಯಾಕೆ ಕರೀತಾರೆ?"

ರಿಪೇರಿಯವನಿಗೆ ಲಾಕಪ್ಪಿನಲ್ಲೂ ಸಿಟ್ಟು ಬಂತು. "ನಾನೇನು ಗಡಿಬಿಡಿ ಮನುಷ್ಯನಾ ಮೇಡಂ? ಹದಿನಾರು ವರ್ಷದಲ್ಲಿ ಒಂದು ಬಲ್ಬು ಒಡೆದಿಲ್ಲ. ಮೂರು ವಾರದಿಂದ ಶುರು ಹಚ್ಕೊಂಡಿವೆ. ಕಂಡ ಕೂಡಲೇ ಗಡಿಬಿಡಿ ಮಾಮ, ಗಡಿಬಿಡಿ ಮಾಮ ಅಂತ ನಗೋದು. ಅದೂ ಮಧ್ಯಾಹ್ನದ ಮಕ್ಕಳು ಮಾತ್ರ."

ಇನ್‌ಸ್ಪೆಕ್ಟರ್ ಟೋಪಿಯನ್ನು ಮೇಜಿನ ಮೇಲಿಟ್ಟಳು. "ಬೆಳಗಿನ ಮಕ್ಕಳು?"

"ಅವಕ್ಕೆ ನಾನು ನಲ್ಲಿ ಮಾಮ."

"ಒಂದು ಸಲನೂ ಆ ಹೆಸರಲ್ಲಿ ಕರೆದಿಲ್ವಾ?"

"ಇಲ್ಲ. ಈ ಸೋಮವಾರ ದೊಡ್ಡ ಮೇಡಂ ಒಂದು ಕೆಲಸ ಹೇಳಿದ್ರು. ಎರಡೂ ತಂಡದ ಹತ್ರ ಹೋಗು, ಏನ್ ಮಕ್ಳೇ ಅನ್ನು, ಎರಡು ನಿಮಿಷ ನಿಂತು ಬಾ, ಏನೂ ಮುಟ್ಟಬೇಡ ಅಂತ. ಹೋದೆ. ಬೆಳಿಗ್ಗೆ ಮಕ್ಕಳು ನಲ್ಲಿ ಮಾಮ ಬಂದ ಅಂದ್ವು. ಮಧ್ಯಾಹ್ನದವು ಬಿದ್ದು ಬಿದ್ದು ನಕ್ಕವು."

"ಯಾಕೆ ಹೋಗು ಅಂದ್ರು?"

"ಕೇಳಿದೆ. ಅಧ್ಯಯನ ಅಂದ್ರು. ಅಧ್ಯಯನ ಅಂದ್ಮೇಲೆ ನನ್ನಂಥೋನು ಇನ್ನೇನು ಕೇಳೋದು?"

*

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದರು. ಮೂಳೆಯ ಸುತ್ತ ಓರೆಯಾಗಿ ಸುರುಳಿ ಗೆರೆ.

"ಬಿದ್ದು ಮುರಿದಿದ್ದಲ್ಲ. ತಿರುಚಿದಾರೆ. ಒದ್ದೆ ಬಟ್ಟೆ ಹಿಂಡ್ತೀವಲ್ಲ, ಹಾಗೆ."

ಚಿಟ್ಟಿ ನಿದ್ದೆಯಲ್ಲಿದ್ದಳು. ಪಕ್ಕದಲ್ಲಿ ಅವಳ ತಾಯಿ. ಒಂದು ಗಾರ್ಮೆಂಟ್ ಘಟಕದಲ್ಲಿ ಗುಂಡಿ ಹೊಲಿಯುವವಳು. ಅವಳಿಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ಇನ್ನೂ ತೀರ್ಮಾನವಾಗಿರಲಿಲ್ಲ.

"ನಿಮ್ಮ ಮಗುವನ್ನ ಅಧ್ಯಯನಕ್ಕೆ ಸೇರಿಸೋಕೆ ಒಪ್ಪಿದ್ರಾ?"

"ಸಹಿ ಹಾಕಿದೀನಿ. ಜ್ಞಾಪಕಶಕ್ತಿ ನೋಡ್ತೀವಿ ಅಂದ್ರು. ಮಾತು ಬರಬಹುದು ಅಂತ ಆಸೆ. ಅಷ್ಟು ಓದಿದವರ ಹತ್ರ ಬಿಟ್ರೆ ಮಾತು ಬರದೇ ಇರುತ್ತಾ ಅಂತ."

ನರ್ಸಮ್ಮ ಒಂದು ಕವರು ತಂದಳು. "ಇದು ನಿಮಗೆ ಬೇಕಾಗಬಹುದು ಮೇಡಂ. ಒಳ್ಳೇ ಕೈಯ ಮುಷ್ಟೀಲಿ ಹಿಡ್ಕೊಂಡಿದ್ಳು. ಬಿಡಿಸೋಕೆ ಇಬ್ಬರು ಬೇಕಾಯ್ತು."

ಅಂಗೈಯಗಲದ ಪ್ಲಾಸ್ಟಿಕ್ ಹೊದಿಸಿದ ಕಾರ್ಡು. ಕೆಂಪು ಬಣ್ಣ. ಮೇಲೆ ಬಾಯಿ ಮುಚ್ಚಿದ ಒಂದು ಮುಖ. ನಡುವೆ ಮಡಿಸಿದ ಗುರುತು, ಒಂದು ಮೂಲೆ ಹರಿದಿತ್ತು. ಎರಡು ಕಡೆಯಿಂದ ಎಳೆದಾಡಿದರೆ ಹರಿಯುವ ಹಾಗೆ.

*

"ಇದು ಚಿತ್ರದ ಕೋಣೇದು," ಎಂದಳು ಕಥೆ ಅಕ್ಕ, ಕಾರ್ಡು ನೋಡಿದ ಕೂಡಲೇ. "ಪ್ರಶ್ನೆ ಕೇಳೋಕೆ ಮುಂಚೆ ಮಗುವಿಗೆ ಎರಡು ಕಾರ್ಡು ಕೊಡ್ತೀವಿ. ಹಸಿರು ಅಂದ್ರೆ ಬೇಕು, ಕೆಂಪು ಅಂದ್ರೆ ಬೇಡ. ಅಪ್ಪ ಅಮ್ಮ ಒಪ್ಪಿದ್ರೆ ಸಾಲದು, ಮಗುವೂ ಒಪ್ಪಬೇಕು. ಕೆಂಪು ಕೊಟ್ರೆ ತಕ್ಷಣ ನಿಲ್ಲಿಸಿ ವಾಪಸ್ ಕಳಿಸ್ತೀವಿ. ಕಾರ್ಡನ್ನ ಅಲ್ಲೇ ಡಬ್ಬಿಗೆ ಹಾಕ್ತೀವಿ. ಮಕ್ಕಳು ಹೊರಗೆ ತರೋ ಹಾಗಿಲ್ಲ."

"ಗುರುವಾರ ಚಿತ್ರದ ಕೋಣೆಯಲ್ಲಿ ಯಾವ ಮಗು ಕೂತಿತ್ತು?"

"ಯಾರೂ ಇಲ್ಲ. ಗುರುವಾರ ಆ ಕೋಣೆಗೆ ರಜೆ. ಕ್ಯಾಮೆರಾನೂ ಆಫ್ ಇರುತ್ತೆ."

"ಬೀಗದ ಕೈ?"

"ಮೂರಿವೆ. ನಿರ್ದೇಶಕಿ, ನಾನು, ಚಿತ್ರದಣ್ಣ."

ಅಂದರೆ ಯಾರೋ ರಜೆಯ ದಿನ ಚಿಟ್ಟಿಯನ್ನು ಅಲ್ಲಿ ಕೂರಿಸಿದ್ದರು. ಅವಳು ಬೇಡ ಎಂದಿದ್ದಳು.

ಆಸ್ಪತ್ರೆಯಿಂದ ಮರಳಿದ್ದ ಟೀಚರ್ ಮೊದಲು ತರಗತಿ ಬಿಟ್ಟು ಕದಲಲಿಲ್ಲ ಎಂದು ಸಾಧಿಸಿದಳು. ಇನ್‌ಸ್ಪೆಕ್ಟರ್ ಅವಳ ಕಣ್ಣಲ್ಲಿ ಕಣ್ಣಿಟ್ಟು ಸುಮ್ಮನೆ ಕೂತಳು. ಒಂದು ನಿಮಿಷವೂ ಹಿಡಿಯಲಿಲ್ಲ.

"ಹತ್ತು ಮೂವತ್ತೈದಕ್ಕೆ ಫೋನ್ ಬಂತು. ಬೇರೆ ಶಾಲೇದು, ಸಂದರ್ಶನದ್ದು. ಹೊರಗೆ ಹೋಗಿದ್ದೆ. ಹದಿನೈದು ನಿಮಿಷ."

"ಅಷ್ಟರಲ್ಲಿ ಯಾರು ಬಂದು ಮಗುವನ್ನ ಕರ್ಕೊಂಡು ಹೋದ್ರೂ ನಿಮಗೆ ಗೊತ್ತಾಗ್ತಿರಲಿಲ್ಲ."

"ನನ್ನದೇ ತಪ್ಪು ಮೇಡಂ."

"ತಪ್ಪು ನಿಮ್ಮದೇ. ಅಪರಾಧ ನಿಮ್ಮದಾ ಅಂತ ಆಮೇಲೆ ನೋಡೋಣ. ಕಥೆ ಅಕ್ಕ ನಿಮ್ಮ ಮಕ್ಕಳಿಗೆ ಏನು ಕಥೆ ಹೇಳ್ತಿದ್ರು?"

"ಮುಳ್ಳುಹಂದಿ ಕಥೆ. ಮೂರು ವಾರದಿಂದ ಮುಳ್ಳುಹಂದಿ, ಮುಳ್ಳುಹಂದಿ. ನನಗೇ ಬಾಯಿಪಾಠ ಆಗಿದೆ."

"ಗಡಿಬಿಡಿ ಮಾಮ?"

"ಅದ್ಯಾರು? ನಿನ್ನೆ ಕೇಸಲ್ಲೇ ನಾನು ಆ ಹೆಸರು ಕೇಳಿದ್ದು."

*

ನಿರ್ದೇಶಕಿಯ ಮೇಜಿನ ಮೇಲೆ ಅರಗಿನ ಮುದ್ರೆಯ ಲಕೋಟೆಯೊಂದಿತ್ತು. ಅವಳು ಅದರ ಮೇಲೆ ಕೈಯಿಟ್ಟೇ ಮಾತಾಡಿದಳು.

"ಯಾವ ತಂಡಕ್ಕೆ ಯಾವ ಕಥೆ ಅಂತ ಇದರಲ್ಲಿದೆ. ಈಗಲೇ ಒಡೆದ್ರೆ ಎರಡು ವರ್ಷದ ಕೆಲಸ ಮಣ್ಣುಪಾಲು. ಇನ್ನು ಹತ್ತು ದಿನ ಕಾಯಿರಿ."

"ರಿಪೇರಿಯವನಿಗೆ ಹತ್ತು ದಿನ ಇಲ್ಲ. ಮೂರು ಗಂಟೆ ಇದೆ. ನೀವೇ ಬಾಯಲ್ಲಿ ಹೇಳಿ, ಲಕೋಟೆ ಹಾಗೇ ಇರಲಿ."

ನಿರ್ದೇಶಕಿ ಬಾಗಿಲು ಮುಚ್ಚಿ ಬಂದು ಕೂತಳು.

"ಮಕ್ಕಳು ಮೊದಲು ಕೇಳಿದ ಕಥೆ ಆಮೇಲಿನ ನೆನಪನ್ನ ಹೇಗೆ ಬದಲಾಯಿಸುತ್ತೆ ಅಂತ ನೋಡೋದು ನಮ್ಮ ಅಧ್ಯಯನ. ಒಂದು ತಂಡಕ್ಕೆ ಮೂರು ವಾರ ಗಡಿಬಿಡಿ ಮಾಮನ ಕಥೆ. ಅವನು ಹೋದಲ್ಲೆಲ್ಲ ಏನಾದ್ರೂ ಬೀಳಿಸ್ತಾನೆ, ಒಡೀತಾನೆ. ರಿಪೇರಿಯವರ ಫೋಟೋ ತೋರಿಸಿ ಇವನೇ ಅಂತೀವಿ. ಇನ್ನೊಂದು ತಂಡಕ್ಕೆ ಮುಳ್ಳುಹಂದಿ. ಆಮೇಲೆ ಅವರು ನಿಜವಾಗಿ ಬಂದು ಸುಮ್ಮನೆ ನಿಂತು ಹೋಗ್ತಾರೆ. ಮುಂದಿನ ವಾರ ಮಕ್ಕಳನ್ನ ಕೇಳ್ತೀವಿ, ಆ ಮಾಮ ಏನಾದ್ರೂ ಒಡೆದ್ನಾ ಅಂತ. ಕಥೆ ಕೇಳಿದವರಲ್ಲಿ ಕೆಲವರು ಹೂಂ ಅಂತಾರೆ. ಎಷ್ಟು ಜನ, ಅದೇ ಪ್ರಶ್ನೆ."

"ರಿಪೇರಿಯವನಿಗೆ ಇದು ಗೊತ್ತಾ?"

"ಗೊತ್ತಿದ್ರೆ ಸಹಜವಾಗಿ ನಡ್ಕೊಳ್ತಿರಲಿಲ್ಲ."

"ಅಂದ್ರೆ ಅವನ ಬೆನ್ನ ಹಿಂದೆ ಅವನ ಹೆಸರು ಕೆಡಿಸಿದ್ರಿ. ಎಷ್ಟು ಕೆಡುತ್ತೆ ಅಂತ ನೋಡೋಕೆ."

ನಿರ್ದೇಶಕಿಯ ಕಿವಿ ಕೆಂಪಾಯಿತು. "ಕೊನೇಲಿ ಅವರಿಗೆ ವಿವರಿಸೋದು ಅಂತ ಯೋಜನೆಯಲ್ಲಿತ್ತು."

"ಮಾಮನ ಕಥೆ ಮಧ್ಯಾಹ್ನದವರಿಗೆ. ಮುಳ್ಳುಹಂದಿ ಬೆಳಗಿನವರಿಗೆ. ಸರಿನಾ?"

"ಸರಿ."

"ಬೆಳಗಿನ ಮಕ್ಕಳಿಗೆ ಮಧ್ಯಾಹ್ನದವರಿಂದ ಹೆಸರು ಸಿಕ್ಕಿರಬಹುದಾ?"

"ಅಣ್ಣ ತಮ್ಮ, ಅಕ್ಕಪಕ್ಕದ ಮನೆ, ಒಂದೇ ಬೀದಿ, ಎಲ್ಲ ನೋಡಿಯೇ ತಂಡ ಮಾಡಿದ್ದು. ಸೋಮವಾರದ ತನಕ ಒಂದು ಮಗುವಿಗೂ ಗೊತ್ತಿರಲಿಲ್ಲ. ಪರೀಕ್ಷಿಸಿದ್ವಿ."

"ಹಾಗಾದ್ರೆ ನಿನ್ನೆ ನಾಲ್ಕು ಬೆಳಗಿನ ಮಕ್ಕಳು ಆ ಹೆಸರು ಹೇಳಿದಾಗ ನಿಮಗೆ ಆಶ್ಚರ್ಯ ಆಗಬೇಕಿತ್ತು."

ನಿರ್ದೇಶಕಿಯ ದಿನಚರಿ ಮೇಜಿನ ಮೇಲೆ ತೆರೆದೇ ಇತ್ತು. ಇನ್‌ಸ್ಪೆಕ್ಟರ್ ಅದನ್ನು ತನ್ನ ಕಡೆ ತಿರುಗಿಸಿಕೊಂಡಳು. ಗುರುವಾರ, ಹನ್ನೆರಡು ಇಪ್ಪತ್ತು: "ಬೆಳಗಿನ ತಂಡ ಕೆಟ್ಟಿದೆ. ಹೆಸರು ಒಳಗಿನವರಿಂದಲೇ ಸೋರಿದೆ. ಈ ತಂಡವನ್ನು ಕೈಬಿಡಬೇಕಾದೀತು."

"ಒಳಗಿನವರೇ ಹೇಳಿಕೊಟ್ಟಿದಾರೆ ಅಂತ ನಿಮಗೆ ನಿನ್ನೆ ಮಧ್ಯಾಹ್ನವೇ ಗೊತ್ತಿತ್ತು. ಒಬ್ಬ ಮನುಷ್ಯ ಜೀಪಲ್ಲಿ ಕೂತಿದ್ದ. ನೀವು ತಂಡದ ಚಿಂತೆ ಮಾಡ್ತಿದ್ರಿ."

"ನಾನು ಸೋರಿಕೆ ಅಂದ್ಕೊಂಡೆ. ಸುಳ್ಳು ಸಾಕ್ಷಿ ಅಂತ ಹೊಳೀಲಿಲ್ಲ."

"ಹೊಳೆಯಲಿಲ್ವೋ, ಹೊಳೆಯೋಕೆ ಬಿಡಲಿಲ್ವೋ?"

*

ಹನ್ನೆರಡು ಗಂಟೆಗೆ ನಾಲ್ವರೂ ಶಿಶುವಿಹಾರದ ಕೋಣೆಯಲ್ಲಿ ಸೇರಿದರು. ದೊಡ್ಡವರ ಕುರ್ಚಿ ಅಲ್ಲಿರಲಿಲ್ಲ. ನಿರ್ದೇಶಕಿ, ಕಥೆ ಅಕ್ಕ, ಚಿತ್ರದಣ್ಣ, ಟೀಚರ್, ಎಲ್ಲರೂ ಮಕ್ಕಳ ಕುಳ್ಳ ಕುರ್ಚಿಗಳ ಮೇಲೆ ಮೊಣಕಾಲು ಎದೆಗೆ ತಾಗುವ ಹಾಗೆ ಕೂತರು. ಮೀಸೆ ಬಾಗಿಲಲ್ಲಿ ನಿಂತ. ಕುರ್ಚಿ ತಡೆಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಇನ್‌ಸ್ಪೆಕ್ಟರ್ ನಾಲ್ಕು ಚೀಟಿ ಹಂಚಿದಳು. "ಗಡಿಬಿಡಿ ಮಾಮನ ಕಥೆ ಹೇಳಿದ್ದು ಯಾವ ತಂಡಕ್ಕೆ? ಬರೀರಿ. ಒಬ್ಬರದ್ದು ಒಬ್ಬರು ನೋಡಬೇಡಿ."

"ಕಥೆ ಗೊತ್ತು, ಯಾವ ತಂಡಕ್ಕೆ ಅಂತ ನನಗೆ ಗೊತ್ತಿರಬಾರದು ಮೇಡಂ," ಎಂದ ಚಿತ್ರದಣ್ಣ. "ನಾನು ಪ್ರಶ್ನೆ ಕೇಳೋನು. ಗೊತ್ತಿದ್ರೆ ನನಗೇ ಅರಿವಿಲ್ಲದೆ ಮಕ್ಕಳಿಂದ ಬೇಕಾದ ಉತ್ತರ ತೆಗೀತೀನಿ. ಅದಕ್ಕೇ ನನ್ನಿಂದ ಮುಚ್ಚಿಡ್ತಾರೆ."

"ಗೊತ್ತಿಲ್ಲ ಅಂದ್ರೆ ಊಹಿಸಿ."

ಅವನು ಒಂದು ಕ್ಷಣ ಯೋಚಿಸಿ ಬರೆದ. ಇನ್‌ಸ್ಪೆಕ್ಟರ್ ಚೀಟಿ ತೆರೆದಳು. ಮಧ್ಯಾಹ್ನ. ಮಧ್ಯಾಹ್ನ. "ನನ್ನ ಮಕ್ಕಳಿಗಲ್ಲ." ಬೆಳಿಗ್ಗೆ.

"ಬೆಳಿಗ್ಗೆ ಅಂತ ಯಾಕೆ ಬರೆದ್ರಿ?"

"ಬೆಳಗಿನ ಮಕ್ಕಳೇ ತಾನೇ ಆ ಹೆಸರು ಹೇಳಿದ್ದು? ಯಾರಾದ್ರೂ ಹಾಗೇ ಊಹಿಸ್ತಾರೆ."

"ಹಾಗೆ ಊಹಿಸೋದು ಸಹಜ. ಅದರಲ್ಲಿ ನಿಮ್ಮನ್ನ ಹಿಡಿಯೋಕೆ ಏನೂ ಇಲ್ಲ." ಅವಳು ಚೀಟಿಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. "ಈಗ ನಾನು ಊಹಿಸ್ತೀನಿ, ಕೇಳಿ. ಮಗುವಿನ ಕೈ ಮುರಿದವರು ಮಕ್ಕಳ ಜೊತೆ ಕೂತು ಒಂದು ವಾಕ್ಯ ಕಲಿಸಿದ್ರು. ತಪ್ಪನ್ನ ರಿಪೇರಿಯವನ ತಲೆಗೆ ಕಟ್ಟಬೇಕು. ಮಕ್ಕಳ ತಲೇಲಿ ಆಗಲೇ 'ಇವನು ಅನಾಹುತ ಮಾಡೋನು' ಅಂತ ಕಥೆ ಕೂತಿದ್ರೆ ಕೆಲಸ ಸುಲಭ. ಅದಕ್ಕೇ ಗಡಿಬಿಡಿ ಮಾಮ ಅಂತ ಹೆಸರು ಬಳಸಿದ್ರು. ಆದ್ರೆ ಬೆಳಗಿನ ಮಕ್ಕಳು ಆ ಕಥೆ ಕೇಳೇ ಇರಲಿಲ್ಲ. ಅವಕ್ಕೆ ಅವನು ನಲ್ಲಿ ಮಾಮ. ಅದಕ್ಕೇ ಒಂದು ಮಗು ನಿನ್ನೆ ನನ್ನ ಹತ್ರ ಗಡಿಬಿಡಿ ಮಾಮ ಯಾರು ಅಂತ ಗೊತ್ತಿಲ್ಲ ಅಂತು. ವಾಕ್ಯ ಗೊತ್ತು, ಮನುಷ್ಯ ಗೊತ್ತಿಲ್ಲ."

ಅವಳು ಟೀಚರ್ ಕಡೆ ತಿರುಗಿದಳು.

"ಟೀಚರ್‌ಗೆ ಆ ಹೆಸರೇ ಗೊತ್ತಿರಲಿಲ್ಲ. ಅದೂ ಅಲ್ದೆ ಅವರು ಆಂಬ್ಯುಲೆನ್ಸಲ್ಲಿ ಇದ್ರು. ಕಥೆ ಅಕ್ಕನಿಗೂ ನಿರ್ದೇಶಕಿಗೂ ಹೆಸರು ಗೊತ್ತು, ಬೆಳಗಿನವರು ಕೇಳಿಲ್ಲ ಅನ್ನೋದೂ ಗೊತ್ತು. ಅವರು ಮಾಡಿದ್ರೆ ನಲ್ಲಿ ಮಾಮ ಅಂತಿದ್ರು. ಹೆಸರು ಗೊತ್ತಿದ್ದು, ತಂಡ ಗೊತ್ತಿಲ್ಲದೆ ಇರೋರು ಈ ಕಟ್ಟಡದಲ್ಲಿ ಒಬ್ಬರೇ."

ಕಥೆ ಅಕ್ಕ ನಿಧಾನವಾಗಿ ತಿರುಗಿ ಚಿತ್ರದಣ್ಣನನ್ನು ನೋಡಿದಳು. "ನಾನು ಎರಡು ತಂಡಕ್ಕೂ ಒಂದೇ ಚೀಲ ಹಿಡ್ಕೊಂಡು ಹೋಗ್ತಿದ್ದೆ," ಎಂದಳು. "ನಿನಗೆ ಗೊತ್ತಾಗಬಾರದು ಅಂತಲೇ."

"ಇದು ಬರೀ ತರ್ಕ," ಎಂದ ಅವನು. ದನಿ ಸಣ್ಣದಾಗಿತ್ತು.

ಇನ್‌ಸ್ಪೆಕ್ಟರ್ ಹರಿದ ಕೆಂಪು ಕಾರ್ಡನ್ನು ಅವನ ಮೊಣಕಾಲ ಮೇಲಿಟ್ಟಳು. "ಇದು ತರ್ಕ ಅಲ್ಲ. ನಿಮ್ಮ ಕಡತದಲ್ಲಿ ಚಿಟ್ಟಿ ಹಾಳೆ ನೋಡಿದೆ. ಚಿತ್ರ ಗುರುತಿಸೋ ಪರೀಕ್ಷೆಗೆ ಎರಡು ಸಲ ಕೂರಿಸಿದೀರಿ. ಎರಡು ಸಲವೂ ಕೆಂಪು. ಮೂರನೇ ಸಲ ಕೆಂಪು ಬಂದ್ರೆ ಏನಾಗುತ್ತೆ?"

ಉತ್ತರ ನಿರ್ದೇಶಕಿಯಿಂದ ಬಂತು. "ಆ ಮಗುವನ್ನ ಅಧ್ಯಯನದಿಂದ ಬಿಡಬೇಕು. ನೀತಿ ಸಮಿತಿಯ ನಿಯಮ."

"ಬಿಟ್ರೆ?"

"ತಂಡ ಹನ್ನೊಂದಕ್ಕೆ ಇಳಿಯುತ್ತೆ. ಹನ್ನೆರಡಕ್ಕಿಂತ ಕಡಿಮೆ ಆದ್ರೆ ಮುಂದಿನ ವರ್ಷ ಹೊಸ ಮಕ್ಕಳ ಜೊತೆ ಮೊದಲಿಂದ ಶುರು ಮಾಡಬೇಕು ಅಂತ ನಾನೇ ಹೇಳಿದ್ದೆ." ಅವಳು ಚಿತ್ರದಣ್ಣನ ಕಡೆ ನೋಡಿದಳು. "ಇವನ ಪ್ರಬಂಧ ಒಪ್ಪಿಸೋಕೆ ಮುಂದಿನ ತಿಂಗಳು ಕೊನೆಯ ಅವಕಾಶ."

ಚಿತ್ರದಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ. ಎಷ್ಟು ಒರೆಸಿದರೂ ಮುಗಿಯಲಿಲ್ಲ.

"ಹತ್ತು ಚಿತ್ರ ಅಷ್ಟೇ," ಎಂದ. "ಬೆರಳು ತೋರಿಸಿದ್ರೆ ಸಾಕಿತ್ತು. ಐದು ನಿಮಿಷದ ಕೆಲಸ. ಕೂತ ಕೂಡಲೇ ಕೆಂಪು ಎತ್ತಿದ್ಳು. ಅದನ್ನ ಕೊಡು, ಹಸಿರು ತಗೋ ಅಂದೆ. ಬಿಡಲಿಲ್ಲ. ಅಷ್ಟು ಸಣ್ಣ ಕೈಯಲ್ಲಿ ಅಷ್ಟು ಬಲ ಇರುತ್ತೆ ಅಂತ... ಸದ್ದು ಕೇಳಿಸ್ತು. ಅವಳು ಅಳಲೇ ಇಲ್ಲ. ಕಾರ್ಡನ್ನ ಇನ್ನೊಂದು ಕೈಗೆ ದಾಟಿಸ್ಕೊಂಡ್ಳು."

"ಆಮೇಲೆ ದಿಂಬಿನ ಹಿಂದೆ ಬಚ್ಚಿಟ್ರಿ."

"ಬೇಗ ಸಿಗ್ತಾಳೆ ಅಂದ್ಕೊಂಡೆ. ಅವಳಿಗೆ ಮಾತು ಬರಲ್ಲ ಅಂತಾನೂ..."

"ಆ ನಾಲ್ಕು ಮಕ್ಕಳನ್ನ ಎಷ್ಟು ಸಲ ಕೇಳಿದ್ರಿ?"

"ಮೂರು ಸಲ."

"ಮೂರೇ ಯಾಕೆ?"

"ಸಾಕಾಗುತ್ತೆ," ಎಂದ ಚಿತ್ರದಣ್ಣ. "ಓದಿದ್ದೆ."

ಮೀಸೆ ಬಾಗಿಲು ಬಿಟ್ಟು ಒಳಗೆ ಬಂದ.

*

ಎರಡು ಗಂಟೆಗೆ ಮ್ಯಾಜಿಸ್ಟ್ರೇಟರ ಮುಂದೆ ನಿಂತದ್ದು ಬೇರೆ ಮನುಷ್ಯ. ರಿಪೇರಿಯವನು ಠಾಣೆಯ ಹಿಂಬಾಗಿಲಿನಿಂದ ಮನೆಗೆ ಹೋದ.

ನೀತಿ ಸಮಿತಿ ಅಧ್ಯಯನವನ್ನು ನಿಲ್ಲಿಸಿತು. ನಿರ್ದೇಶಕಿಗೆ ದೀರ್ಘ ರಜೆ ಕೊಟ್ಟರು. ಚಿಟ್ಟಿಯ ತಾಯಿ ಮಗುವನ್ನು ಆ ಕಟ್ಟಡದ ಹತ್ತಿರವೂ ತರುವುದಿಲ್ಲ ಎಂದಳು. ಯಾರೂ ಒತ್ತಾಯಿಸಲಿಲ್ಲ.

ಹತ್ತು ದಿನ ಕಳೆದ ಮೇಲೆ, ಹೇಳಿಕೆಗೆ ಸಹಿ ಹಾಕಿಸಲು ಇನ್‌ಸ್ಪೆಕ್ಟರ್ ಶಿಶುವಿಹಾರಕ್ಕೆ ಹೋದಳು. ರಿಪೇರಿಯವನು ಮೆಟ್ಟಿಲ ಕೆಳಗೆ ಸ್ಪಾನರುಗಳನ್ನು ಚೀಲಕ್ಕೆ ತುಂಬುತ್ತಿದ್ದ.

"ಎಲ್ಲಿಗೆ?"

"ಗಂಡಸರ ಹಾಸ್ಟೆಲ್‌ಗೆ ಹಾಕಿದಾರೆ ಮೇಡಂ. ಇವತ್ತಿಂದ."

"ಯಾಕೆ?"

"ಅಪ್ಪ ಅಮ್ಮಂದಿರು ಅರ್ಜಿ ಕೊಟ್ಟಿದಾರೆ. ನನ್ನದು ತಪ್ಪಿಲ್ಲ ಅಂತ ಅದರಲ್ಲೇ ಬರೆದಿದಾರೆ, ಪಾಪ. ಆದ್ರೆ ಮಕ್ಕಳು ಹೆದರ್ತವಂತೆ."

ಇನ್‌ಸ್ಪೆಕ್ಟರ್ ಮೇಲೆ ಹೋಗಿ ಕಥೆ ಅಕ್ಕನನ್ನು ಹಿಡಿದಳು. "ಸುಳ್ಳು ಅಂತ ಮಕ್ಕಳಿಗೆ ಯಾರಾದ್ರೂ ಹೇಳಿ. ಕೂರಿಸಿ ಹೇಳಿ. ಅದೇ ತಾನೇ ನಿಮ್ಮ ಕೆಲಸ?"

"ಹೇಳಿದ್ವಿ." ಕಥೆ ಅಕ್ಕ ಖಾಲಿ ಕಪಾಟಿನ ಬಾಗಿಲು ಹಿಡಿದು ನಿಂತಿದ್ದಳು. "ನಾಲ್ಕು ಮಕ್ಕಳಿದ್ವಲ್ಲ, ಈಗ ಒಂಬತ್ತು ಆಗಿವೆ. ಮನೇಲಿ ದಿನಾ ಕೇಳ್ತಾರೆ, ನೀನು ನಿಜವಾಗಲೂ ನೋಡಿದ್ಯಾ ಅಂತ. ಕೇಳಿದಾಗಲೆಲ್ಲ ಇನ್ನಷ್ಟು ನೆನಪಾಗುತ್ತೆ. ಒಂದು ಮಗು ಈಗ ಅವನು ಹಾಕಿದ್ದ ಅಂಗಿ ಬಣ್ಣಾನೂ ಹೇಳುತ್ತೆ."

"ತೆಗೆಯೋಕೆ ದಾರಿ ಇಲ್ವಾ?"

"ಹಾಕೋದು ಹೇಗೆ ಅಂತ ನಮಗೆ ಚೆನ್ನಾಗಿ ಗೊತ್ತು ಮೇಡಂ," ಎಂದಳು ಕಥೆ ಅಕ್ಕ.

ಕೆಳಗೆ ಬೆಳಗಿನ ತಂಡ ಬಿಟ್ಟಿತ್ತು. ರಿಪೇರಿಯವನು ಚೀಲ ಹೆಗಲಿಗೇರಿಸಿ ಗೇಟಿನ ಕಡೆ ನಡೆದ. ಅವನನ್ನು ಕಂಡು ಒಂದು ಮಗು ಓಡಿ ತಾಯಿಯ ಸೆರಗಿನೊಳಗೆ ಹೊಕ್ಕಿತು. ತಾಯಿ ಅವನ ಕಡೆ ನೋಡಿ ನಾಚಿಕೆಯಿಂದ ನಕ್ಕಳು, ಮಗುವನ್ನು ಮಾತ್ರ ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. ಅವನ ಕೈ ಟಾಟಾ ಮಾಡಲು ಅರ್ಧ ಎದ್ದಿತ್ತು. ಅದನ್ನು ಇಳಿಸಿ, ಗೋಡೆಯ ಬದಿ ಹಿಡಿದು, ಯಾವ ಮಗುವಿಗೂ ತಾಗದ ಹಾಗೆ ಹೊರಗೆ ಹೋದ.